ಕಡತಕ್ಕೆ ಇಳಿದ ಕ್ಯಾಂಪಸ್ಸು

ಮೊದಲು ಬದಲಾಗುವುದು ವಾಸನೆ. ಮ್ಯಾನೇಜ್‌ಮೆಂಟ್ ವಿಭಾಗದ ಕಾರಿಡಾರಿನಲ್ಲಿ ವರ್ಷವಿಡೀ ಸುಳಿದಾಡುವ ಹಳೇ ಕಾಗದದ ಮುಗ್ಗಲು, ಕ್ಯಾಂಟೀನಿನ ಒಗ್ಗರಣೆಯ ಘಮ ಎರಡೂ ಒಂದೇ ಬೆಳಗ್ಗೆ ಹೊಸ ಡಿಸ್ಟೆಂಪರಿನಡಿ ಹೂತುಹೋಗುತ್ತವೆ. ಏಣಿಯ ಮೇಲಿನ ಪೇಂಟರು ಕೆಳಗಿದ್ದ ಅಟೆಂಡರನ್ನು ಕೇಳುತ್ತಾನೆ: "ಈ ಬೋರ್ಡು ತೆಗೀಲಾ ಅಣ್ಣ, ಇಲ್ಲ ಸುತ್ತ ಹೊಡ್ಕೊಂಡು ಹೋಗ್ಲಾ?" ಬೋರ್ಡಿನಲ್ಲಿರುವುದು ವಿಭಾಗದ ವಿಷನ್ ಮತ್ತು ಮಿಷನ್. ಅಟೆಂಡರಿಗೆ ಗಾಬರಿ. "ಅದನ್ನ ಮುಟ್ಬೇಡ ಕಣಪ್ಪ. ಅದನ್ನ ಓದೋಕೇ ಅವ್ರು ಬರ್ತಿರೋದು."

ಬೆಂಕಿ ನಂದಿಸುವ ಕೆಂಪು ಸಿಲಿಂಡರಿಗೆ ಹೊಸ ತಾರೀಖಿನ ಚೀಟಿ ಬಂದಿದೆ. ಮೆಟ್ಟಿಲ ಪಕ್ಕದ ಇಳಿಜಾರಿಗೆ ಸ್ಟೀಲಿನ ಕಂಬಿ ಬಂದಿದೆ. ಮಳೆನೀರು ಇಂಗಿಸುವ ಗುಂಡಿಯ ಸುತ್ತ ಸುಣ್ಣದ ಗೆರೆ ಎಳೆದಾಗಿದೆ. ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನು ಉಳಿದ ಗಿರಾಕಿಗಳಿಗೆಲ್ಲ "ನಾಳೆ ಬನ್ನಿ" ಎನ್ನುತ್ತಾ ಸ್ಪೈರಲ್ ಬೈಂಡಿಂಗಿನ ಯಂತ್ರದ ಮುಂದೆ ಕೂತಿದ್ದಾನೆ. ಸಮಿತಿ ಬರುವ ವಾರ ಇದು. ಈ ವಿಶ್ವವಿದ್ಯಾಲಯದ ಹೆಸರು ಬೇಡ. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಬಲು ದೂರವೇನಲ್ಲ ಎಂದರೆ ಸಾಕು. ನಮ್ಮ ರಾಜ್ಯದ ಯಾವ ಸರ್ಕಾರಿ ವಿಶ್ವವಿದ್ಯಾಲಯದ ಎಂಬಿಎ ವಿಭಾಗದ ಮುಂದೆ ಹಿಡಿದರೂ ಈ ಚಿತ್ರ ಅದರದ್ದೇ ಅನ್ನಿಸುತ್ತದೆ.

ಕಾರಿಡಾರಿನ ಕೊನೆಯಲ್ಲಿ ಐಕ್ಯೂಎಸಿ ಕೋಣೆ. ಆಂತರಿಕ ಗುಣಮಟ್ಟದ ಖಾತರಿ ಕೋಶ ಎಂಬ ಉದ್ದ ಹೆಸರನ್ನು ಬಾಗಿಲ ಫಲಕ ಬಿಟ್ಟರೆ ಯಾರೂ ಬಳಸುವುದಿಲ್ಲ. ಗೋಡೆಗೆ ಒರಗಿ ಸ್ಟೀಲಿನ ಬೀರುಗಳು, ಬೀರುಗಳಲ್ಲಿ ಬಾಕ್ಸ್ ಫೈಲುಗಳು, ಫೈಲುಗಳ ಬೆನ್ನ ಮೇಲೆ ಹೆಸರಿನ ಬದಲು ಅಂಕೆಗಳು: 1.1, 2.6, 3.7. ಇಲ್ಲಿ ಕೆಲಸ ಮಾಡುವವರು ಮಾತಾಡುವುದೂ ಅಂಕೆಯಲ್ಲೇ. "ಮೇಡಂ, ಎರಡು ಪಾಯಿಂಟ್ ಆರಕ್ಕೆ ಅಟೆಂಡೆನ್ಸು ಸಿಕ್ತು." "ಮೂರು ಪಾಯಿಂಟ್ ಏಳಕ್ಕೆ ಸಹಿ ಇಲ್ವಲ್ಲ!" ಸಂಯೋಜಕಿ ಮೇಡಂ ಮಾರ್ಕೆಟಿಂಗ್ ಪಾಠ ಮಾಡುವವರು. ಸಮಿತಿಯ ಕೆಲಸ ಹೆಗಲೇರಿದ ಮೇಲೆ ಅವರ ತರಗತಿಗಳನ್ನು ಅತಿಥಿ ಉಪನ್ಯಾಸಕರು ತೆಗೆದುಕೊಳ್ಳುತ್ತಿದ್ದಾರೆ. ಬೋಧನೆ ಚೆನ್ನಾಗಿದೆ ಎಂದು ತೋರಿಸಲು ಚೆನ್ನಾಗಿ ಬೋಧಿಸುವವರನ್ನೇ ತರಗತಿಯಿಂದ ಎತ್ತಿ ತರಬೇಕಾಗಿ ಬಂದಿದೆ. ಇದು ಈ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾರೂ ಏನೂ ಮಾಡುವಂತಿಲ್ಲ.

ಕಿಟಕಿಯಾಚೆ ನಾಲ್ಕೈದು ಹುಡುಗರು ಹೊಂಗೆ ಸಸಿ ನೆಡುತ್ತಿದ್ದಾರೆ. ಒಬ್ಬ ಮೊಬೈಲ್ ಹಿಡಿದು ನಿಂತಿದ್ದಾನೆ. ನೆಟ್ಟಾಯಿತು, ನೀರು ಹಾಕಿದ್ದಾಯಿತು, ಚಪ್ಪಾಳೆಯೂ ಆಯಿತು. ಆಮೇಲೆ ಹುಡುಗ ಕಿಟಕಿಯ ಬಳಿ ಬಂದು ತಲೆ ಕೆರೆದುಕೊಂಡ. "ಮೇಡಂ, ಲೊಕೇಶನ್ ಆನ್ ಮಾಡಿರ್ಲಿಲ್ಲ." ಫೋಟೊದ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನ, ಹೊತ್ತು ಮೂಡದಿದ್ದರೆ ಅದು ಜಿಯೋಟ್ಯಾಗ್ ಚಿತ್ರವಲ್ಲ; ಜಿಯೋಟ್ಯಾಗ್ ಇಲ್ಲದಿದ್ದರೆ ಪುರಾವೆಯಲ್ಲ; ಪುರಾವೆ ಇಲ್ಲದ ಸಸಿ ನೆಟ್ಟ ಸಸಿಯೇ ಅಲ್ಲ. ಮೇಡಂ ತಲೆ ಎತ್ತದೆ ಹೇಳಿದರು: "ಇನ್ನೊಂದ್ಸಲ ನೀರು ಹಾಕ್ರಪ್ಪ, ಗಿಡಕ್ಕೂ ಒಳ್ಳೇದೇ."

* * *

ಈ ಅಂಕೆಗಳ ತವರು ಇರುವುದು ಬೆಂಗಳೂರಿನ ನಾಗರಬಾವಿಯಲ್ಲೇ. ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಜನರ ಬಾಯಲ್ಲಿ ನ್ಯಾಕ್, 1994ರಲ್ಲಿ ಹುಟ್ಟಿದ್ದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ ಯುಜಿಸಿ ಅದನ್ನು ಸ್ವಾಯತ್ತ ಸಂಸ್ಥೆಯಾಗಿ ಕಟ್ಟಿತು. ದೇಶದ ಯಾವ ಮೂಲೆಯ ಕಾಲೇಜೇ ಆಗಲಿ, ಅದರ ಹಣೆಬರಹಕ್ಕೆ ಮೊಹರು ಬೀಳುವುದು ಈ ನಗರದ ವಿಳಾಸದಿಂದ.

ವಿಶ್ವವಿದ್ಯಾಲಯಗಳಿಗೆ ಅದು ಒಡ್ಡಿರುವ ಅಳತೆ ಏಳು ಮಾನದಂಡಗಳದ್ದು, ಒಟ್ಟು 1000 ಅಂಕ. ಪಠ್ಯಕ್ರಮಕ್ಕೆ 150, ಬೋಧನೆ–ಕಲಿಕೆ–ಮೌಲ್ಯಮಾಪನಕ್ಕೆ 200, ಸಂಶೋಧನೆಗೆ 250. ಕಟ್ಟಡ–ಗ್ರಂಥಾಲಯ, ವಿದ್ಯಾರ್ಥಿ ಬೆಂಬಲ, ಆಡಳಿತ, ಸಂಸ್ಥೆಯ ಮೌಲ್ಯಗಳು – ಇವಕ್ಕೆ ತಲಾ 100. ಸಂಸ್ಥೆ ಸ್ವಅಧ್ಯಯನ ವರದಿ ಬರೆಯುತ್ತದೆ. ಅದರಲ್ಲಿ ಕೊಟ್ಟ ಅಂಕಿ–ಅಂಶಗಳನ್ನು ಹೊರಗಿನವರು ತಾಳೆ ನೋಡುತ್ತಾರೆ. ವಿದ್ಯಾರ್ಥಿಗಳ ಅಭಿಪ್ರಾಯವನ್ನು ನೇರವಾಗಿ ಅವರಿಂದಲೇ ಕೇಳಿ ಪಡೆಯುತ್ತಾರೆ. ಎಲ್ಲ ಕೂಡಿಸಿ ಭಾಗಿಸಿದಾಗ ನಾಲ್ಕರೊಳಗಿನ ಒಂದು ಸಂಖ್ಯೆ ಹೊರಬೀಳುತ್ತದೆ. 3.51 ಮುಟ್ಟಿದರೆ ಎ ಡಬಲ್ ಪ್ಲಸ್, 3.26ಕ್ಕೆ ಎ ಪ್ಲಸ್, 3.01ಕ್ಕೆ ಎ. ಎರಡನೇ ದಶಮಾಂಶ ಸ್ಥಾನಕ್ಕಾಗಿ ಕುಲಪತಿಗಳು ನಿದ್ದೆಗೆಡುವುದು ಈ ಕಾರಣಕ್ಕೆ.

3.01 ಎಂಬ ಸಂಖ್ಯೆಗೆ ಇನ್ನೊಂದು ತೂಕವೂ ಇದೆ. 2022ರಲ್ಲಿ ಯುಜಿಸಿ ಹೊರಡಿಸಿದ ನಿಯಮಗಳ ಪ್ರಕಾರ ವಿದೇಶಿ ವಿಶ್ವವಿದ್ಯಾಲಯದ ಜೊತೆಗೂಡಿ ಪದವಿ ಕೊಡಬೇಕಾದರೆ ನಮ್ಮ ಸಂಸ್ಥೆಗೆ ನ್ಯಾಕ್‌ನ ಕನಿಷ್ಠ 3.01 ಇರಬೇಕು, ಅದಿಲ್ಲದಿದ್ದರೆ ಎನ್‌ಐಆರ್‌ಎಫ್ ವಿಶ್ವವಿದ್ಯಾಲಯ ಪಟ್ಟಿಯ ಮೊದಲ 100ರಲ್ಲಿ ಸ್ಥಾನ, ಇಲ್ಲವೇ ಶ್ರೇಷ್ಠತಾ ಸಂಸ್ಥೆಯ ಪಟ್ಟ ಬೇಕು. ಎದುರಿನವರೂ ಕ್ಯೂಎಸ್ ಅಥವಾ ಟೈಮ್ಸ್ ಪಟ್ಟಿಯ ಮೊದಲ 1000ದೊಳಗೆ ಇರಬೇಕು. ಹೀಗೆ ನಾಗರಬಾವಿಯ ಒಂದು ದಶಮಾಂಶವೇ ವಿದೇಶದ ಬಾಗಿಲಿಗೂ ಬೀಗದಕೈ. ಈ ವಿಭಾಗದ ಡೀನ್ ಸಾಹೇಬರ ಕಣ್ಣು ಬಿದ್ದಿರುವುದು ಆ ಬಾಗಿಲ ಮೇಲೆ.

ಅವರ ಮೇಜಿನ ಗಾಜಿನಡಿಯ ಹಾಳೆಯಲ್ಲಿ ಮ್ಯಾನೇಜ್‌ಮೆಂಟ್ ಶಾಲೆಗಳಿಗೆ ಸಿಗುವ ಮೂರು ಅಂತರರಾಷ್ಟ್ರೀಯ ಮನ್ನಣೆಗಳ ಹೆಸರುಗಳಿವೆ. ಅಮೆರಿಕದ ಎಎಸಿಎಸ್‌ಬಿ, ಬ್ರಸೆಲ್ಸ್‌ನ ಇಎಫ್‌ಎಂಡಿ ಕೊಡುವ ಈಕ್ವಿಸ್, ಲಂಡನ್ನಿನ ಆಂಬಾ. ಮೂರೂ ಸಿಕ್ಕ ಶಾಲೆಗೆ ತ್ರಿವಳಿ ಕಿರೀಟ ಎಂದು ಆ ಲೋಕದ ಮಾತು. ಕೋಲ್ಕತ್ತದ ಐಐಎಂ, ಇಂದೋರಿನ ಐಐಎಂ ಈ ಕಿರೀಟ ತೊಟ್ಟಿವೆ. ನಮ್ಮಲ್ಲಿ ಮಣಿಪಾಲದ ಟ್ಯಾಪ್ಮಿಗೆ ಎಎಸಿಎಸ್‌ಬಿ ಮನ್ನಣೆ ಇದೆ, ಬೆಂಗಳೂರಿನ ಐಐಎಂಗೆ ಈಕ್ವಿಸ್ ಇದೆ. ಸರ್ಕಾರಿ ವಿಶ್ವವಿದ್ಯಾಲಯದ ಒಂದು ವಿಭಾಗ ಅತ್ತ ಕಣ್ಣು ಹಾಯಿಸುವುದು ಅಪರೂಪ. "ಅಪರೂಪ ಅಂತ ಸುಮ್ನಿರೋಕಾಗುತ್ತಾ?" ಎನ್ನುತ್ತಾರೆ ಡೀನ್.

ಅವರಿಗೆ ಪ್ರಿಯವಾದ ಒಂದು ಇಸವಿ ಇದೆ: 1916. ಅಮೆರಿಕದಲ್ಲಿ ಹಾರ್ವರ್ಡ್, ಯೇಲ್, ಕೊಲಂಬಿಯಾ ಸೇರಿ 17 ವಿಶ್ವವಿದ್ಯಾಲಯಗಳು ಕೂಡಿ ಎಎಸಿಎಸ್‌ಬಿ ಕಟ್ಟಿದ್ದು ಆ ವರ್ಷ. ಅದೇ ವರ್ಷದ ಜುಲೈನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಇಂದಿನ ಎಫ್‌ಕೆಸಿಸಿಐನ ಮೂಲವಾದ ಮೈಸೂರು ವಾಣಿಜ್ಯ ಮಂಡಳಿಯನ್ನು ದಿವಾನ್ ವಿಶ್ವೇಶ್ವರಯ್ಯನವರು ಸ್ಥಾಪಿಸಿದ್ದೂ ಆಗಲೇ. ವ್ಯಾಪಾರವನ್ನು ಪಾಠವಾಗಿಸಬೇಕು, ಪಾಠಕ್ಕೊಂದು ಮಟ್ಟ ಇರಬೇಕು ಎಂಬ ಯೋಚನೆ ಎರಡು ಖಂಡಗಳಲ್ಲಿ ಒಂದೇ ಹೊತ್ತಿಗೆ ಮೊಳೆತಿತ್ತು. ಅಲ್ಲಿನವರು 1919ರಲ್ಲಿ ಮೊದಲ ಮಾನದಂಡಗಳನ್ನು ಬರೆದು, ಕಾಲಕಾಲಕ್ಕೆ ತಿದ್ದುತ್ತಾ ಬಂದರು. 1968ರಲ್ಲಿ ಕೆನಡಾದ ಆಲ್ಬರ್ಟಾಕ್ಕೆ, 1997ರಲ್ಲಿ ಫ್ರಾನ್ಸಿನ ಎಸೆಕ್‌ಗೆ ಮನ್ನಣೆ ಕೊಟ್ಟು ಗಡಿ ದಾಟಿದರು. "ನಾವು ಶುರು ಮಾಡಿದ್ದು ಒಂದೇ ವರ್ಷ ಕಣ್ರೀ," ಎಂದು ಡೀನ್ ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಹಿರಿಯ ಪ್ರಾಧ್ಯಾಪಕರು ಪ್ರತಿ ಸಲವೂ ತಲೆದೂಗುತ್ತಾರೆ. ಹಣಕಾಸು ಅಧಿಕಾರಿ ಮಾತ್ರ ಶುಲ್ಕ ಡಾಲರಿನಲ್ಲೇ ಕಟ್ಟಬೇಕಾ ಎಂದು ಪ್ರತಿ ಸಲವೂ ಕೇಳುತ್ತಾರೆ.

* * *

ಮಧ್ಯಾಹ್ನ ಅಧ್ಯಾಪಕರ ಸಭೆ. ಉದ್ದನೆಯ ಮೇಜು, ಉಪ್ಪಿಟ್ಟು ಕೇಸರಿಬಾತಿನ ತಟ್ಟೆಗಳು, ಪರದೆಯ ಮೇಲೊಂದು ಎಕ್ಸೆಲ್ ಕೋಷ್ಟಕ. ಈ ಕೋಷ್ಟಕ ತೆರೆದಾಗಲೆಲ್ಲ ಕೋಣೆಯ ಹವೆ ಬಿಗಿಯಾಗುತ್ತದೆ. ಎಎಸಿಎಸ್‌ಬಿಯ 2020ರ ಮಾನದಂಡಗಳು ಅಧ್ಯಾಪಕರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ಡಾಕ್ಟರೇಟ್ ಪಡೆದು ಸಂಶೋಧನೆಯನ್ನು ಜೀವಂತವಾಗಿ ಇಟ್ಟುಕೊಂಡವರು ಒಂದು ಬಗೆ. ಡಾಕ್ಟರೇಟ್ ಇದ್ದು ಉದ್ಯಮದ ಜೊತೆ ಕೆಲಸ ಮಾಡುವವರು ಇನ್ನೊಂದು. ಉದ್ಯಮದಿಂದ ಬಂದು ಬರೆಯುವವರು ಮೂರನೆಯದು. ಉದ್ಯಮದಲ್ಲಿ ಪಳಗಿ ಈಗಲೂ ಅದರ ನಂಟು ಬಿಡದೆ ಪಾಠ ಮಾಡುವವರು ನಾಲ್ಕನೆಯದು. ಮೊದಲ ಬಗೆಯವರು ಶೇ 40ರಷ್ಟಾದರೂ ಇರಬೇಕು. ನಾಲ್ಕೂ ಸೇರಿ ಶೇ 90 ಆಗಬೇಕು. ಯಾವುದಕ್ಕೂ ಸೇರದವರಿಗೆ "ಅಡಿಷನಲ್" ಎಂಬ ಕಂಬವಿದೆ.

ಅಡಿಷನಲ್ ಕಂಬದಲ್ಲಿ ಕೂತ ಹೆಸರುಗಳನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲ. ಅಲ್ಲಿ ಮೂರು ತಲೆಮಾರಿನ ವಿದ್ಯಾರ್ಥಿಗಳು ಇವತ್ತಿಗೂ ಕಾಲಿಗೆ ಬೀಳುವಂಥ ಮೇಷ್ಟ್ರು ಇದ್ದಾರೆ. ಕಾಸ್ಟ್ ಅಕೌಂಟೆನ್ಸಿಯನ್ನು ಅವರಷ್ಟು ಸರಳವಾಗಿ ಹೇಳುವವರು ಜಿಲ್ಲೆಯಲ್ಲೇ ಇಲ್ಲ. ಪಿಎಚ್‌ಡಿ ಆಗಿ ಬಹಳ ಕಾಲವಾಯಿತು, ಆಮೇಲೆ ಅವರು ಬರೆದದ್ದಿಲ್ಲ. "ಹಂಗಾದ್ರೆ ನಾನು ಎಕ್ಸ್‌ಟ್ರಾನಾ?" ಎಂದು ಅವರೇ ನಕ್ಕು ಕೇಳಿದಾಗ ಕೋಣೆಯಲ್ಲಿ ಯಾರಿಗೂ ನಗು ಬರಲಿಲ್ಲ. ಆದರೆ ಪಕ್ಕದಲ್ಲಿದ್ದ ಕಿರಿಯ ಸಹಾಯಕ ಪ್ರಾಧ್ಯಾಪಕಿ ತಟ್ಟನೆ ಹೇಳಿದಳು: "ಸಾರ್, ಮಂಡ್ಯದ ಬೆಲ್ಲದ ಆಲೆಮನೆಗಳ ವೆಚ್ಚದ ಲೆಕ್ಕ ನೀವು ಪಾಠದಲ್ಲಿ ಹೇಳ್ತೀರಲ್ಲ, ಅದನ್ನ ನಾವಿಬ್ರೂ ಕೂತು ಕೇಸ್ ಮಾಡೋಣ. ಅದು ಪ್ರಕಟಣೆ ಆಗುತ್ತೆ." ಮೇಷ್ಟ್ರು ಸುಮ್ಮನಾದರು. ಆ ಸಭೆಯ ನಡಾವಳಿಯಲ್ಲಿ ದಾಖಲಾಗದೆ ಹೋದ ಉಪಯುಕ್ತ ಮಾತು ಬಹುಶಃ ಅದೊಂದೇ.

ಇನ್ನೊಂದು ಲೆಕ್ಕ ಇದಕ್ಕಿಂತ ಕಟುವಾದುದು. ಶಾಲೆಯ ಬೋಧನೆಯಲ್ಲಿ ಮುಕ್ಕಾಲು ಪಾಲು ಶಾಲೆಯ ಬದುಕಿನಲ್ಲಿ ಪೂರ್ತಿ ತೊಡಗಿದವರಿಂದಲೇ ನಡೆಯಬೇಕು ಎನ್ನುತ್ತದೆ ಮಾನದಂಡ. ಪಠ್ಯಕ್ರಮದ ಚರ್ಚೆ, ವಿದ್ಯಾರ್ಥಿಗಳ ಮಾರ್ಗದರ್ಶನ, ಸಮಿತಿಗಳು ಎಲ್ಲದರಲ್ಲೂ ಅವರಿರಬೇಕು. ಸುಮ್ಮನೆ ಬಂದು ಪಾಠ ಮಾಡಿ ಹೋಗುವವರು ಉಳಿದ ಕಾಲು ಪಾಲಿನಲ್ಲಿ ಹೊಂದಿಕೊಳ್ಳಬೇಕು. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳು ನಿಂತಿರುವುದೇ ಅತಿಥಿ ಉಪನ್ಯಾಸಕರ ಮೇಲೆ. ಮಂಜೂರಾದ ಹುದ್ದೆಗಳು ಖಾಲಿ, ನೇಮಕಾತಿಯ ಕಡತ ಬೆಂಗಳೂರಿನಲ್ಲಿ. ಅತಿಥಿ ಉಪನ್ಯಾಸಕನಿಗೆ ಸಂಬಳವಿಲ್ಲ, ಇರುವುದು ಗೌರವಧನ. ಅದೂ ತಿಂಗಳಿಗೆ ಸರಿಯಾಗಿ ಬರುವುದಿಲ್ಲ. ಬೇಸಿಗೆ ರಜೆಯಲ್ಲಿ ಅವನು ನೌಕರನೇ ಅಲ್ಲ. ಅವನನ್ನು ಅಧ್ಯಯನ ಮಂಡಳಿಗೆ ಯಾರೂ ಕರೆಯುವುದಿಲ್ಲ. ಪಾಠವನ್ನೆಲ್ಲ ಹೊತ್ತವನಿಗೆ ಪಾಠದ ಬಗ್ಗೆ ಮಾತಿಲ್ಲ ಎಂಬ ಸತ್ಯವನ್ನು ಅಮೆರಿಕದ ಮಾನದಂಡವೊಂದು ಬಂದು ಎಕ್ಸೆಲ್ ಹಾಳೆಯಲ್ಲಿ ಕೆಂಪು ಬಣ್ಣ ಬಳಿದು ತೋರಿಸಬೇಕಾಯಿತು. ಈ ಒಂದು ಕೆಂಪು ಚೌಕಕ್ಕಾಗಿಯಾದರೂ ಸಮಿತಿಗಳು ಬರಲಿ ಅನ್ನಿಸುತ್ತದೆ.

* * *

ಮಾನ್ಯತೆಯ ಇಷ್ಟೆಲ್ಲ ಸಂಭ್ರಮದಲ್ಲಿ ತರಗತಿಗೆ ನಿಜವಾಗಿ ಇಳಿಯುವ ಕೆಲಸ ಒಂದಿದೆ. ಅದಕ್ಕೆ ಬಣ್ಣ ಬೇಕಿಲ್ಲ, ಅದರ ಫೋಟೊ ತೆಗೆಯಲೂ ಬರುವುದಿಲ್ಲ. ಎಎಸಿಎಸ್‌ಬಿಯವರು ಅದನ್ನು ಅಶ್ಯೂರೆನ್ಸ್ ಆಫ್ ಲರ್ನಿಂಗ್ ಎನ್ನುತ್ತಾರೆ, ಇಲ್ಲಿನವರು ಎಒಎಲ್. ವಿದ್ಯಾರ್ಥಿ ಈ ಕೋರ್ಸಿನಿಂದ ಹೊರಬೀಳುವಾಗ ಅವನಿಗೆ ಏನು ಮಾಡಲು ಬರಬೇಕು ಎಂದು ಮೊದಲೇ ಬರೆದಿಡುವುದು, ಬಂತೇ ಇಲ್ಲವೇ ಎಂದು ಅಳೆಯುವುದು, ಬರದಿದ್ದರೆ ಪಾಠ ಬದಲಿಸುವುದು, ಮತ್ತೆ ಅಳೆಯುವುದು – ಅಷ್ಟೇ.

ಆ ದಿನ ಇಬ್ಬರು ಅಧ್ಯಾಪಕರು ಫೈನಾನ್ಸ್ ಉತ್ತರಪತ್ರಿಕೆಗಳ ಒಂದು ಕಟ್ಟನ್ನು ಬೇರೆಬೇರೆಯಾಗಿ ನೋಡಿ, ಒಂದೇ ರೂಬ್ರಿಕ್ಕಿನಲ್ಲಿ ಅಂಕ ಹಾಕಿ, ಎದುರು ಬದುರು ಕೂತಿದ್ದರು. ಒಂದು ಕಾರ್ಖಾನೆ ಹೊಸ ಯಂತ್ರ ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ. ಹೆಚ್ಚಿನವರ ಲೆಕ್ಕ ಸರಿ. ನಿವ್ವಳ ಪ್ರಸ್ತುತ ಮೌಲ್ಯ ದಶಮಾಂಶದವರೆಗೆ ಸರಿ. ಅದರ ಕೆಳಗೆ "ನಿಮ್ಮ ಶಿಫಾರಸನ್ನು ಮಾಲೀಕರಿಗೆ ಎರಡು ಪ್ಯಾರಾದಲ್ಲಿ ಬರೆಯಿರಿ" ಎಂದಿದ್ದ ಕಡೆ ಹಾಳೆ ಖಾಲಿ, ಇಲ್ಲವೇ ಗೈಡಿನ ವಾಕ್ಯ. ಲೆಕ್ಕ ಬಂದಿದೆ, ತೀರ್ಮಾನ ಹೇಳಲು ಬಂದಿಲ್ಲ. "ಇದು ಇಂಗ್ಲಿಷಿನ ಸಮಸ್ಯೆ," ಎಂದರು ಒಬ್ಬರು. ಇನ್ನೊಬ್ಬರು ಒಪ್ಪಲಿಲ್ಲ. ಮರುದಿನ ಅದೇ ಪ್ರಶ್ನೆಯನ್ನು ಕನ್ನಡ ಮಾಧ್ಯಮದಿಂದ ಬಂದ ಕೆಲವರಿಗೆ ಕನ್ನಡದಲ್ಲೇ ಬರೆಯಿರಿ ಎಂದು ಕೊಟ್ಟರು. ಅರ್ಧದಷ್ಟು ಜನ ಚೆನ್ನಾಗಿ ಬರೆದರು. ಉಳಿದರ್ಧಕ್ಕೆ ಕನ್ನಡದಲ್ಲೂ ಬರಲಿಲ್ಲ. ಇಂಗ್ಲಿಷ್ ಬಾರದವರಿಗೂ ಯೋಚನೆಯನ್ನು ಜೋಡಿಸಲು ಬಾರದವರಿಗೂ ಔಷಧಿ ಬೇರೆ ಬೇರೆ ಎಂದು ಆಗ ತಿಳಿಯಿತು. ಇಷ್ಟನ್ನು ತಿಳಿಯಲು ಸೆಮಿಸ್ಟರ್ ಪರೀಕ್ಷೆಯ ಅಂಕಪಟ್ಟಿ ಎಂದೂ ನೆರವಾಗಿರಲಿಲ್ಲ.

ತಿಳಿದ ಮೇಲೆ? ಫೈನಾನ್ಸ್ ಪಾಠದೊಳಗೆ ವಾರಕ್ಕೊಂದು ಬರವಣಿಗೆ ಸೇರಿಸಬೇಕು, ಅದಕ್ಕೆ ಅಂಕ ಇಡಬೇಕು. ಬನ್ನೇರುಘಟ್ಟ ರಸ್ತೆಯ ಐಐಎಂನಂಥ ಕಡೆ ಇದು ಅಧ್ಯಾಪಕರ ನಡುವೆಯೇ ಬಗೆಹರಿಯುವ ಸಂಗತಿ. ಇಲ್ಲಿ ಹತ್ತು ಅಂಕ ಆಚೀಚೆ ಮಾಡಬೇಕಾದರೂ ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತು ಎಂಬ ಮೆಟ್ಟಿಲುಗಳನ್ನು ಕಡತ ಒಂದೊಂದಾಗಿ ಹತ್ತಬೇಕು. ಅದು ಇಳಿದು ಬರುವ ಹೊತ್ತಿಗೆ ಅಳತೆಗೆ ಸಿಕ್ಕ ಬ್ಯಾಚು ಪದವಿ ಹಿಡಿದು ಹೋಗಿರುತ್ತದೆ. ಎಎಸಿಎಸ್‌ಬಿ ದಾರಿ ಅರ್ಜಿಯಿಂದ ಅಂತಿಮ ಭೇಟಿಯವರೆಗೆ ಐದಾರು ವರ್ಷ ಹಿಡಿಯಬಲ್ಲದು ಎಂದಾಗ ಹೊರಗಿನವರು ಬೆರಗಾಗುತ್ತಾರೆ. ಇಲ್ಲಿನವರಿಗೆ ಅದೇನೂ ದೀರ್ಘ ಅನ್ನಿಸುವುದಿಲ್ಲ.

* * *

ಮೊದಲ ಮಹಡಿಯ ಗೋಡೆಯ ಮೇಲೆ ಅಂತರರಾಷ್ಟ್ರೀಯ ಸಂಬಂಧಗಳು ನೇತಾಡುತ್ತಿವೆ. ಚೌಕಟ್ಟಿನೊಳಗೆ ಕೈಕುಲುಕುವ ಜನ, ಕೈಯಲ್ಲಿ ನೀಲಿ ಫೋಲ್ಡರು, ಹಿನ್ನೆಲೆಯಲ್ಲಿ ಎರಡು ಬಾವುಟ, ಅತಿಥಿಯ ತಲೆಯ ಮೇಲೆ ಮೈಸೂರು ಪೇಟ. ಒಂದೊಂದೂ ಒಡಂಬಡಿಕೆಯ ಚಿತ್ರ. ವರದಿಯ ಕೋಷ್ಟಕದಲ್ಲಿ ಮಾತ್ರ ಒಂದು ತುಂಟ ಕಂಬವಿದೆ: ಈ ಒಡಂಬಡಿಕೆಯಡಿ ನಡೆದ ಚಟುವಟಿಕೆ ಏನು? ಸಂಯೋಜಕಿ ಮೇಡಂ ಪ್ರತಿ ಚಿತ್ರದ ಕೆಳಗೆ ನಿಂತು ಯೋಚಿಸುತ್ತಾರೆ. ಒಂದರಡಿ ಒಂದು ಆನ್‌ಲೈನ್ ಉಪನ್ಯಾಸ, ಇನ್ನೊಂದರಡಿ ಹಬ್ಬದ ಶುಭಾಶಯದ ಮಿಂಚಂಚೆ.

ವಿದ್ಯಾರ್ಥಿ ವಿನಿಮಯ ಎಂದರೆ ವಿಮಾನದ ಟಿಕೆಟ್ಟು ಎಂದುಕೊಂಡವರಿಗೆ ಅದರ ಹೊಟ್ಟೆಯೊಳಗಿನ ಲೆಕ್ಕ ಗೊತ್ತಿರುವುದಿಲ್ಲ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ತಾಸಿನ ಒಟ್ಟು ದುಡಿಮೆ – ಓದು, ಬರಹ, ಗ್ರಂಥಾಲಯ ಎಲ್ಲ ಸೇರಿ. ನಮ್ಮ ಕ್ರೆಡಿಟ್ಟು ಎಣಿಸುವುದು ತರಗತಿಯ ತಾಸುಗಳನ್ನು. ಎರಡನ್ನೂ ತಾಳೆ ಹಾಕಿ ಕೊಡಬೇಕು. ಅವರ ಸೆಮಿಸ್ಟರು ಶುರುವಾಗುವಾಗ ನಮ್ಮ ಪರೀಕ್ಷೆ ಮುಗಿದಿರುವುದಿಲ್ಲ. ಅವರು ಅಂಕಪಟ್ಟಿ ಕೇಳುವಾಗ ನಮ್ಮ ಮೌಲ್ಯಮಾಪನ ಶುರುವಾಗಿರುವುದಿಲ್ಲ. ಪರೀಕ್ಷಾಂಗ ಕುಲಸಚಿವರ ಕಚೇರಿಯಲ್ಲಿ ಒಂದು ಫಲಿತಾಂಶ ಹೊತ್ತಿಗೆ ಸರಿಯಾಗಿ ಬಂದರೆ ಹತ್ತು ಒಡಂಬಡಿಕೆಗಳಿಗಿಂತ ದೊಡ್ಡ ಉಪಕಾರ.

ಹೊರಗಿನಿಂದ ಬಂದವರು ಇಲ್ಲಿಲ್ಲ ಎಂದಲ್ಲ. ಮೈಸೂರು, ಬೆಂಗಳೂರುಗಳ ಕ್ಯಾಂಪಸ್ಸಿಗೆ ಪಶ್ಚಿಮ ಏಷ್ಯಾ, ಆಫ್ರಿಕಾ, ನೆರೆದೇಶಗಳ ವಿದ್ಯಾರ್ಥಿಗಳು ಬಹಳ ಹಿಂದಿನಿಂದಲೂ ಬರುತ್ತಿದ್ದಾರೆ. ಕೆಲವರು ಐಸಿಸಿಆರ್ ವಿದ್ಯಾರ್ಥಿವೇತನದಲ್ಲಿ, ಕೆಲವರು ಸ್ವಂತ ದುಡ್ಡಿನಲ್ಲಿ. ಬಂದ ಕೂಡಲೇ ಅವರು ಮೊದಲು ಕಲಿಯುವ ಭಾರತೀಯ ಶಬ್ದ ಎಫ್‌ಆರ್‌ಆರ್‌ಒ. ದೀರ್ಘಾವಧಿಯ ವೀಸಾ ಇದ್ದವರು 14 ದಿನದೊಳಗೆ ವಿದೇಶಿಯರ ನೋಂದಣಿಯ ಆ ಕಚೇರಿಯಲ್ಲಿ ಹೆಸರು ದಾಖಲಿಸಿಕೊಳ್ಳಬೇಕು. ಆಮೇಲೆ ಬ್ಯಾಂಕ್ ಖಾತೆ, ಸಿಮ್ಮು, ಬಾಡಿಗೆ ಕರಾರು. ಈ ಅಲೆದಾಟದಲ್ಲಿ ಜೊತೆಗೆ ಬರುವ ಒಬ್ಬ ಗುಮಾಸ್ತ ಇದ್ದರೆ ಆ ಶಾಲೆ ಅಂತರರಾಷ್ಟ್ರೀಯ. ಇಲ್ಲಿ ಅಂಥ ಒಬ್ಬರಿದ್ದಾರೆ. ಅವರ ಹೆಸರು ಯಾವ ಮಾನದಂಡದ ಫೈಲಿನಲ್ಲೂ ಇಲ್ಲ.

ತರಗತಿಯಲ್ಲಿ ಕಾಣುವುದು ಬೇರೆ ಚಿತ್ರ. ಹಿಂದಿನ ಸಾಲಿನಲ್ಲಿ ಸೂಡಾನಿನ ಹುಡುಗ, ಪಕ್ಕದಲ್ಲಿ ಭೂತಾನಿನ ಹುಡುಗಿ. ಗುಂಪು ಚಟುವಟಿಕೆ ಎಂದ ಕೂಡಲೇ ಸ್ಥಳೀಯರು ತಮ್ಮ ತಮ್ಮಲ್ಲೇ ಸೇರಿಕೊಂಡು ಕನ್ನಡದಲ್ಲಿ ಕೆಲಸ ಮುಗಿಸುತ್ತಾರೆ. ಇವರಿಬ್ಬರೂ ಉಳಿದವರ ಜೊತೆ ಉಳಿಯುತ್ತಾರೆ. ಒಂದೇ ಕೋಣೆಯಲ್ಲಿ ಐದು ದೇಶ ಇದ್ದರೂ ಪಾಠ ಒಂದೇ ದೇಶದ್ದು. ಈ ಸೆಮಿಸ್ಟರಿನಲ್ಲಿ ಗುಂಪುಗಳನ್ನು ಆ ತರಗತಿಯ ಮೇಡಮ್ಮೇ ಮಾಡಿದರು, ಪ್ರತಿ ಗುಂಪಿಗೂ ಬೇರೆ ದೇಶದ ಒಬ್ಬರಾದರೂ ಬರುವ ಹಾಗೆ. ಮೊದಲ ವಾರ ಎಲ್ಲರೂ ಗೊಣಗಿದರು. ಎರಡನೇ ವಾರ ಎಲ್ಲರನ್ನೂ ಬಸ್ಸು ಹತ್ತಿಸಿ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ಕರೆದೊಯ್ದರು.

ಬೆಳಗಿನ ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಅಂಗಳದಲ್ಲಿ ಸಾಲು ಸಾಲು ತೊಟ್ಟಿಗಳು. ಒಂದರಲ್ಲಿ ಹಳದಿ ಮಿಶ್ರತಳಿ ಗೂಡು, ಇನ್ನೊಂದರಲ್ಲಿ ಹಾಲುಬಿಳುಪಿನ ದ್ವಿತಳಿ. ಹಸಿ ಗೂಡಿನ ಗಾಢ ವಾಸನೆ. ರೀಲರು ಕೈತುಂಬ ಗೂಡು ಎತ್ತಿ, ಅದುಮಿ, ಕಿವಿಯ ಬಳಿ ಅಲ್ಲಾಡಿಸಿ, ಮುಂದಿನ ತೊಟ್ಟಿಗೆ ನಡೆಯುತ್ತಾನೆ. ಹಿಂದೆ ಕೂಗಿ ಹೇಳುತ್ತಿದ್ದ ಬೆಲೆಯನ್ನು ಈಗ ಮೊಬೈಲಿನಲ್ಲಿ ಒತ್ತುತ್ತಾನೆ. ರೈತ ತನ್ನ ಲಾಟಿನ ಸಂಖ್ಯೆಯ ಮುಂದೆ ಮೂಡುವ ಬೆಲೆಯನ್ನು ನೋಡುತ್ತಾ ನಿಂತಿರುತ್ತಾನೆ. ಒಪ್ಪದಿದ್ದರೆ ಬೇಡ ಎನ್ನುವ ಹಕ್ಕು ಅವನಿಗುಂಟು. ಆದರೆ ಗೂಡಿನೊಳಗಿನ ಹುಳು ಚಿಟ್ಟೆಯಾಗಲು ಕಾಯುವುದಿಲ್ಲವಲ್ಲ. ಸೂಡಾನಿನ ಹುಡುಗ ಅದನ್ನು ಕೇಳಿ ತಟ್ಟನೆ ಅಂದ: "ಹಾಗಾದರೆ ಅವನ ಹಕ್ಕಿಗೆ ಗಡುವಿದೆ. ನಮ್ಮೂರ ಟೊಮೆಟೊ ಮಾರುವವನಿಗೂ ಹೀಗೇ." ಚೌಕಾಸಿಯ ಬಲದ ಬಗ್ಗೆ ಪಠ್ಯಪುಸ್ತಕದ ಅಧ್ಯಾಯವನ್ನು ಅವನು ಒಂದು ಸಾಲಿನಲ್ಲಿ ಮುಗಿಸಿದ್ದ. ಗುಂಪಿನ ಮಂಡ್ಯದ ಹುಡುಗಿ ಅದನ್ನು ರೈತನಿಗೆ ಕನ್ನಡದಲ್ಲಿ ಹೇಳಿದಳು, ರೈತ ಹೇಳಿದ್ದನ್ನು ಇವನಿಗೆ ಇಂಗ್ಲಿಷಿನಲ್ಲಿ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಇದೇ ಅಂಗಳದಲ್ಲಿ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದದ್ದನ್ನು ಹಿರಿಯನೊಬ್ಬ ನೆನೆದ. ಚೀನಾದ ನೂಲು, ದಿಲ್ಲಿಯ ಸುಂಕ, ಕನಕಪುರದ ಹಿಪ್ಪುನೇರಳೆ ತೋಟ ಮೂರೂ ಒಂದೇ ತೊಟ್ಟಿಯಲ್ಲಿ ಬೆರೆತಿದ್ದವು. ಅಂತರರಾಷ್ಟ್ರೀಯ ವ್ಯವಹಾರದ ಪಾಠಕ್ಕೆ ಇದಕ್ಕಿಂತ ಹೆಚ್ಚಿನದನ್ನು ಯಾವ ಒಡಂಬಡಿಕೆ ಕೊಟ್ಟೀತು?

* * *

ಕೊನೆಗೆ ಬಂದದ್ದು ಎಎಸಿಎಸ್‌ಬಿ ಭೇಟಿಯ ದಿನ. ಈ ಸಲ ಬಂದವರು ಅಂಕ ಹಾಕುವ ಸಮಿತಿಯವರಲ್ಲ, ಮೆಂಟರು. ಅರ್ಜಿ ಒಪ್ಪಿದ ಶಾಲೆಗೆ ಎಎಸಿಎಸ್‌ಬಿ ಒಬ್ಬ ಹಿರಿಯರನ್ನು ಜೊತೆ ಮಾಡಿಕೊಡುತ್ತದೆ. ಅವರೂ ಬೇರೆಲ್ಲೋ ಒಂದು ಶಾಲೆ ನಡೆಸಿದವರೇ, ಸ್ವಯಂಸೇವೆಯಿಂದ ಬರುವವರು. ಆಗ್ನೇಯ ಏಷ್ಯಾದ ಶಾಲೆಯೊಂದರ ಈ ಡೀನ್ ಹಾರ, ಶಾಲು, ಪೇಟ ಎಲ್ಲವನ್ನೂ ನಗುತ್ತಲೇ ತೊಡಿಸಿಕೊಂಡರು. ಹೊಸ ಬಣ್ಣದ ಗೋಡೆಯತ್ತ ಅವರ ಕಣ್ಣು ಹೋಗಲಿಲ್ಲ. ಮಿಷನ್ ಫಲಕದ ಮುಂದೆ ನಿಂತು ಓದಿ, ಪಕ್ಕದಲ್ಲಿದ್ದ ಗ್ರಂಥಪಾಲಕರನ್ನು ಕೇಳಿದರು: "ಇದರಲ್ಲಿ ಯಾವ ಮಾತು ನಿಮ್ಮ ಕೆಲಸಕ್ಕೆ ಸೇರಿದ್ದು?" ಗ್ರಂಥಪಾಲಕರು ಡೀನರ ಮುಖ ನೋಡಿದರು, ಡೀನ್ ಫಲಕದ ಮುಖ ನೋಡಿದರು. ಜಾಗತಿಕ, ಶ್ರೇಷ್ಠ, ನಾಯಕತ್ವ – ಯಾವ ಊರಿನ ಗೋಡೆಗೆ ಹಾಕಿದರೂ ನಡೆಯುವ ಪದಗಳು.

ಮಧ್ಯಾಹ್ನ ವಿದ್ಯಾರ್ಥಿಗಳ ಜೊತೆ ಮಾತುಕತೆ. ಅಧ್ಯಾಪಕರು ಹೊರಗಿರಬೇಕೆಂಬುದು ಇಂಥ ಸಭೆಯ ರಿವಾಜು. ಬಾಗಿಲು ಮುಚ್ಚಿತು, ಕಾರಿಡಾರಿನಲ್ಲಿ ಎದೆಬಡಿತ ಶುರುವಾಯಿತು. ಒಳಗೆ ನಡೆದದ್ದನ್ನು ಆಮೇಲೆ ವಿದ್ಯಾರ್ಥಿಗಳೇ ಹೇಳಿದರು. ಗ್ರಂಥಾಲಯ ಸಂಜೆ ಬೇಗ ಮುಚ್ಚುತ್ತದೆ ಎಂದೊಬ್ಬ, ಪ್ಲೇಸ್‌ಮೆಂಟಿಗೆ ಬರುವವರೆಲ್ಲ ಸೇಲ್ಸ್ ಕೆಲಸ ಕೊಡುತ್ತಾರೆ ಎಂದಿನ್ನೊಬ್ಬ. ಕೊನೆಗೆ ಮಂಡ್ಯದ ಆ ಹುಡುಗಿ ಎದ್ದು ನಿಂತು ತಾನೇ ಪ್ರಶ್ನೆ ಕೇಳಿದಳು: "ಸರ್, ನಾವು ನಿಮ್ಮಲ್ಲಿಗೆ ಬಂದರೆ ಕಲಿಯೋದು ಬಹಳ ಇದೆ ಅಂತ ಎಲ್ಲರೂ ಹೇಳ್ತಾರೆ. ನಿಮ್ಮ ವಿದ್ಯಾರ್ಥಿಗಳು ಇಲ್ಲಿಗೆ ಬಂದರೆ ಏನು ಕಲೀಬೇಕು?" ಆತ ಕೈಚೆಲ್ಲಿದರು: ಅದನ್ನು ನಾನು ಹೇಳುವುದಲ್ಲ, ನೀವು ಹೇಳಬೇಕು. ಅವಳು ರಾಮನಗರದ ಕಥೆ ಹೇಳಿದಳು. ಸಂಜೆಯ ಸಭೆಯಲ್ಲಿ ಅವರು ಅಧ್ಯಾಪಕರಿಗೆ ಕೇಳಿದ್ದು ಒಂದೇ: ಇದು ನಿಮ್ಮ ವರದಿಯಲ್ಲಿ ಯಾಕಿಲ್ಲ?

ಯಾಕಿಲ್ಲ ಎಂದರೆ, ವರದಿ ಬರೆಯುವಾಗ ನಾವು ನೋಡುವುದು ಕೇಳುವವರ ಮುಖವನ್ನು. ಮಾನ್ಯತೆಯ ವ್ಯವಸ್ಥೆಗೆ ಇದೇ ದೊಡ್ಡ ಕಾಯಿಲೆ. ಅದು ಉಲ್ಬಣಿಸಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು 2025ರ ಫೆಬ್ರುವರಿಯಲ್ಲಿ ದೇಶ ಕಂಡಿತು: ಆಂಧ್ರದ ಸಂಸ್ಥೆಯೊಂದಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನು ಸಿಬಿಐ ಬಂಧಿಸಿತು. ಇಸ್ರೊದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ಸಮಿತಿ ಅದಕ್ಕೂ ಮೊದಲೇ ಶ್ರೇಣಿಗಳ ಈ ಏಣಿಯನ್ನು ತೆಗೆದು, ಮಾನ್ಯತೆ ಇದೆ ಅಥವಾ ಇಲ್ಲ ಎಂದು ಹೇಳುವ ಪದ್ಧತಿಯನ್ನು ಸೂಚಿಸಿತ್ತು. ಏಣಿ ಹೋದರೆ ದಶಮಾಂಶದ ಹುಚ್ಚು ತಗ್ಗಬಹುದು. ಕೇಳುವವರ ಮುಖ ನೋಡಿ ಬರೆಯುವ ಚಾಳಿ ಅದರಿಂದ ಹೋಗುವುದಿಲ್ಲ.

ಅದು ಹೋಗಬೇಕಾದ ಹೊತ್ತು ಬಂದಿದೆ. ವಿದೇಶಿ ವಿಶ್ವವಿದ್ಯಾಲಯಗಳು ಇಲ್ಲೇ ಕ್ಯಾಂಪಸ್ ತೆರೆಯಲು 2023ರಲ್ಲಿ ಯುಜಿಸಿ ದಾರಿ ಮಾಡಿಕೊಟ್ಟಿತು. ಡೀಕಿನ್, ವೊಲೊಂಗಾಂಗ್ ಗುಜರಾತಿನ ಗಿಫ್ಟ್ ಸಿಟಿಗೆ ಅಲ್ಲಿನ ಪ್ರತ್ಯೇಕ ನಿಯಮದಡಿ ಬಂದವು, ಯುಜಿಸಿಯ ದಾರಿಯಲ್ಲಿ ಸೌತಾಂಪ್ಟನ್ ಗುರುಗ್ರಾಮಕ್ಕೆ ಬಂತು. ಬೆಂಗಳೂರಿಗೆ ಬರಲು ಅನುಮತಿ ಪಡೆದ ಲಿವರ್‌ಪೂಲ್ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆಗೆ ಆ ಮೂರೂ ಮನ್ನಣೆಗಳಿವೆ. ಕಿರೀಟದ ಲೆಕ್ಕದಲ್ಲಿ ಹೆದ್ದಾರಿ ಬದಿಯ ಈ ವಿಭಾಗ ಅವರನ್ನು ಹಿಡಿಯಲಾರದು. ಆದರೆ ಮಂಡ್ಯದ ಹುಡುಗಿ ತನ್ನ ಭಾಷೆಯಲ್ಲೇ ರೈತನಿಂದ ಮಾತು ಹೊರಡಿಸಿ ಅದನ್ನು ಸೂಡಾನಿನವನಿಗೆ ದಾಟಿಸಬಲ್ಲ ತರಗತಿ, ಆಲೆಮನೆಯ ವೆಚ್ಚವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡ ಮೇಷ್ಟ್ರು – ಇವು ಈ ವಿಭಾಗದ ಹತ್ತಿರ ಇವೆ. ಹೊರಗಿನವರು ಹುಡುಕಿ ಬರುವುದು ಇಂಥದ್ದನ್ನೇ.

ಮುಂದಿನ ಅಧ್ಯಯನ ಮಂಡಳಿಯ ವಿಷಯಪಟ್ಟಿಗೆ ಒಂದು ಸಾಲು ಸೇರಿದೆ: ರೇಷ್ಮೆಗೂಡು ಮಾರುಕಟ್ಟೆಯ ಕ್ಷೇತ್ರಾಧ್ಯಯನ, ಎರಡು ಕ್ರೆಡಿಟ್, ವಿನಿಮಯ ವಿದ್ಯಾರ್ಥಿಗಳಿಗೂ ಮುಕ್ತ, ವರದಿಯನ್ನು ಕನ್ನಡ ಅಥವಾ ಇಂಗ್ಲಿಷಿನಲ್ಲಿ ಬರೆಯಬಹುದು. ಕರಡು ಬರೆದವರಲ್ಲಿ ಒಬ್ಬ ಅತಿಥಿ ಉಪನ್ಯಾಸಕನೂ ಇದ್ದಾನೆ. ಸಭೆಗೆ ಅವನನ್ನು ಕರೆಯುವಂತಿಲ್ಲ ಎಂಬ ನಿಯಮವನ್ನು ಡೀನ್ ಸಾಹೇಬರು ವಿಶೇಷ ಆಹ್ವಾನಿತ ಎಂಬ ಪದ ಸೇರಿಸಿ ದಾಟಿದ್ದಾರೆ. ಮೂರು ಮೆಟ್ಟಿಲು ಹತ್ತಿ ಈ ಕಡತ ಹೊತ್ತಿಗೆ ಸರಿಯಾಗಿ ಇಳಿದು ಬಂದರೆ, ಮಿಷನ್ ಫಲಕದಲ್ಲಿ ಬರೆಯಲು ಈ ಊರಿಗೇ ಸೇರಿದ ಒಂದು ವಾಕ್ಯವಾದರೂ ವಿಭಾಗಕ್ಕೆ ಸಿಗುತ್ತದೆ.